ಆಕಾಶ ಕಂಡ ಹೊಗೆ, ಶ್ವಾಸಕೋಶ ಉಂಡ ಹೊಗೆ

ಚಳಿಗಾಲದ ಯಾವುದಾದರೊಂದು ದಿನ ಉಪಗ್ರಹ ತೆಗೆದ ಉತ್ತರ ಭಾರತದ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಿಮಾಲಯದ ಬಿಳಿಯ ಸಾಲು. ಒಂದೊಂದು ಕಣಿವೆಯೂ ಉಳಿಯಿಂದ ಕೊರೆದಿಟ್ಟಷ್ಟು ಸ್ಪಷ್ಟ. ಚಿತ್ರದ ಕೆಳಭಾಗದಲ್ಲಿ ದಖ್ಖನ್ ಪ್ರಸ್ಥಭೂಮಿಯ ಕಂದು ನೆಲ, ಅಲ್ಲಲ್ಲಿ ಜಲಾಶಯಗಳ ಚುಕ್ಕೆಗಳು. ಇವೆರಡರ ನಡುವೆ ಮಾತ್ರ, ಪಾಕಿಸ್ತಾನದ ಪಂಜಾಬಿನಿಂದ ಬಾಂಗ್ಲಾದೇಶದ ಕಡಲಂಚಿನವರೆಗೆ, ಬೂದು ಬಣ್ಣದ ಪಟ್ಟಿಯೊಂದು ಹಾಸಿಕೊಂಡಿರುತ್ತದೆ. ಅದರಲ್ಲಿ ಒಂದಷ್ಟು ಮಂಜು. ಉಳಿದದ್ದು ಹೊಗೆ, ದೂಳು, ಮಸಿ. ಗಂಗೆ ಯಮುನೆಯರು ಅದರಡಿ ಅದೃಶ್ಯ. ಜಗತ್ತಿನ ಅತಿ ಜನನಿಬಿಡ ಬಯಲುಗಳಲ್ಲೊಂದು ಆ ಹೊದಿಕೆಯ ಕೆಳಗೆ ಉಸಿರಾಡುತ್ತಿದೆ.

ಈ ಚಿತ್ರಗಳನ್ನು ನೋಡುವುದು ಕೆಲವು ವರ್ಷಗಳಿಂದ ನನಗೊಂದು ಅಭ್ಯಾಸವೇ ಆಗಿದೆ. ಅಮೆರಿಕದ ನಾಸಾ ಮತ್ತು ಐರೋಪ್ಯ ಬಾಹ್ಯಾಕಾಶ ಸಂಸ್ಥೆಗಳು ಅವನ್ನು ಯಾರು ಬೇಕಾದರೂ ನೋಡಲೆಂದು ದಿನದಿನವೂ ಬಿಚ್ಚಿಡುತ್ತವೆ. ನೋಡಲು ವಿಜ್ಞಾನಿಯಾಗಬೇಕಿಲ್ಲ, ನಾನೂ ವಿಜ್ಞಾನಿಯಲ್ಲ. ಚಿತ್ರದಲ್ಲಿ ಗಡಿರೇಖೆಗಳಿರುವುದಿಲ್ಲ. ಲಾಹೋರಿನ ಹೊಗೆ ಎಲ್ಲಿ ಮುಗಿಯಿತು, ಅಮೃತಸರದ್ದು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಅಸಾಧ್ಯ. ವಾಯುಮಾಲಿನ್ಯದ ವ್ಯಾಜ್ಯದಲ್ಲಿ ಆಕಾಶವೇ ಹೀಗೆ ಸಾಕ್ಷಿ ನುಡಿಯತೊಡಗಿ ಮೂರು ದಶಕಗಳಾಗುತ್ತ ಬಂದಿವೆ. ಆ ಸಾಕ್ಷಿ ಹೇಳಿದ್ದೇನು, ಹೇಳದೆ ಉಳಿದದ್ದೇನು, ಕೇಳಿಸಿಕೊಂಡ ನಾವು ಮಾಡಿದ್ದೇನು ಎಂಬುದನ್ನು ಈಗ ವಿಚಾರಿಸಬೇಕಾಗಿದೆ.

1984ರಲ್ಲಿ ಬಾಹ್ಯಾಕಾಶದಲ್ಲಿದ್ದ ರಾಕೇಶ್ ಶರ್ಮಾ ಅವರನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿ, ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಕೇಳಿದ್ದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ. ಅವರು ಕೊಟ್ಟ ಉತ್ತರ ದೇಶದ ಹೆಮ್ಮೆಯಾಯಿತು. ಆ ಪ್ರಶ್ನೆಗೆ ಇಂದು ಉತ್ತರ ಅಷ್ಟು ಸರಳವಲ್ಲ. 2015-16ರಲ್ಲಿ ಸುಮಾರು ಒಂದು ವರ್ಷವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕಳೆದ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ, ಏಷ್ಯಾದ ಕೆಲವು ಭಾಗಗಳಲ್ಲಿ ಮಬ್ಬಿನ ದೆಸೆಯಿಂದ ನೆಲವೇ ಕಾಣದೆಂದು ಹೇಳಿದ್ದರು. ಬರಿಗಣ್ಣಿಗೇ ಇಷ್ಟು ಕಂಡರೆ, ಅದಕ್ಕೆಂದೇ ರಚಿಸಿದ ಉಪಕರಣಗಳಿಗೆ ಎಷ್ಟು ಕಾಣಬೇಡ?

ಆ ಉಪಕರಣಗಳು ಕೆಲಸ ಮಾಡುವ ಬಗೆ ಸೊಗಸಾಗಿದೆ. ಸೂರ್ಯನ ಬೆಳಕು ವಾಯುಮಂಡಲವನ್ನು ಹಾದು, ನೆಲಕ್ಕೆ ತಾಗಿ, ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಸಿಗುವ ಒಂದೊಂದು ಅನಿಲವೂ ಆ ಬೆಳಕಿನಿಂದ ತನ್ನ ಪಾಲನ್ನು ಹೀರಿಕೊಳ್ಳುತ್ತದೆ: ಗಂಧಕದ ಡೈಆಕ್ಸೈಡ್ ಮತ್ತು ಓಝೋನ್ ಅತಿನೇರಳೆ ಕಿರಣಗಳಲ್ಲಿ, ನೈಟ್ರೋಜನ್ ಡೈಆಕ್ಸೈಡ್ ನೀಲಿ ಬೆಳಕಿನಲ್ಲಿ. ಮೇಲೆ ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಕೊರತೆಯಿದೆ ಎಂದು ಲೆಕ್ಕ ಹಾಕಿದರೆ, ಕೆಳಗೆ ಯಾವ ಅನಿಲ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಬೆರಳಚ್ಚಿನಿಂದ ಕಳ್ಳನನ್ನು ಗುರುತಿಸಿದಂತೆ.

ಐರೋಪ್ಯ ಸಂಸ್ಥೆ 1995ರಲ್ಲಿ ಹಾರಿಬಿಟ್ಟ ಇಆರ್‌ಎಸ್-2 ಉಪಗ್ರಹದಲ್ಲಿ ಇಂಥದೊಂದು ಉಪಕರಣವಿತ್ತು. 2004ರಲ್ಲಿ ನಾಸಾದ ‘ಆರಾ’ ಉಪಗ್ರಹ ಡಚ್ಚರು ಮತ್ತು ಫಿನ್ಲೆಂಡಿನವರು ರೂಪಿಸಿದ ಇನ್ನಷ್ಟು ಚುರುಕಾದ ಉಪಕರಣವನ್ನು ಹೊತ್ತೊಯ್ದಿತು. 2017ರ ಅಕ್ಟೋಬರಿನಲ್ಲಿ ಮೇಲೇರಿದ ‘ಸೆಂಟಿನೆಲ್-5ಪಿ’ ಉಪಗ್ರಹದ ‘ಟ್ರೊಪೊಮಿ’ ಇಂದು ಸುಮಾರು 820 ಕಿಲೊಮೀಟರ್ ಎತ್ತರದಿಂದ, 2,600 ಕಿಲೊಮೀಟರ್ ಅಗಲದ ನೆಲವನ್ನು ಒಂದೇ ಸಲಕ್ಕೆ ಗುಡಿಸಿದಂತೆ ನೋಡುತ್ತ, ಐದಾರು ಕಿಲೊಮೀಟರ್ ಚೌಕದಷ್ಟು ಸಣ್ಣ ಜಾಗದ ಗಾಳಿಯನ್ನೂ ಬೇರ್ಪಡಿಸಿ ತೋರಿಸಬಲ್ಲದು. ನೈಟ್ರೋಜನ್ ಡೈಆಕ್ಸೈಡ್‌ನ ಆಯುಷ್ಯ ಹಗಲಿನಲ್ಲಿ ಕೆಲವೇ ಗಂಟೆಗಳು. ಹುಟ್ಟಿದ ಜಾಗದಿಂದ ಅದು ಬಹುದೂರ ಓಡಲಾರದು. ಆದ್ದರಿಂದ ನಕ್ಷೆಯ ಮೇಲೆ ಕೆಂಪಗೆ ಹೊಳೆಯುವ ಚುಕ್ಕೆ ಒಂದು ಮಹಾನಗರವೋ ವಿದ್ಯುತ್ ಸ್ಥಾವರವೋ ಆಗಿರುವುದು ಬಹುಮಟ್ಟಿಗೆ ಖಚಿತ. ಅಲ್ಲಗಳೆಯಲು ಆಸ್ಪದವಿಲ್ಲದ ಸಾಕ್ಷ್ಯ ಅದು.

ಆದರೆ ಸಾಕ್ಷ್ಯ ಸಿಕ್ಕ ಮಾತ್ರಕ್ಕೆ ತೀರ್ಪು ಬಂದುಬಿಡುವುದಿಲ್ಲ. ಈ ಪಾಠವನ್ನು ನಾವು ಮೊದಲಿಗೆ ಕಲಿತದ್ದು ಹಿಂದೂ ಮಹಾಸಾಗರದ ಮೇಲೆ. 1999ರ ಚಳಿಗಾಲದಲ್ಲಿ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮಾಲ್ಡೀವ್ಸ್ ದ್ವೀಪಗಳನ್ನು ನೆಲೆಯಾಗಿಸಿಕೊಂಡು, ಹಡಗು, ವಿಮಾನ, ಉಪಗ್ರಹಗಳ ನೆರವಿನಿಂದ ಕಡಲ ಮೇಲಿನ ಗಾಳಿಯನ್ನು ಅಳೆದರು. ‘ಇಂಡೊಎಕ್ಸ್’ ಎಂಬ ಆ ಪ್ರಯೋಗದ ನಾಯಕರು ನೊಬೆಲ್ ಪುರಸ್ಕೃತ ಪೌಲ್ ಕ್ರುಟ್ಜೆನ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವೀರಭದ್ರನ್ ರಾಮನಾಥನ್. ಜನವಸತಿಯೇ ಇಲ್ಲದ ಸಮುದ್ರದ ಮೇಲೆ, ಸುಮಾರು ಒಂದು ಕೋಟಿ ಚದರ ಕಿಲೊಮೀಟರ್ ವಿಸ್ತಾರದಲ್ಲಿ, ಕಂದುಬಣ್ಣದ ಮಬ್ಬು ಹರಡಿರುವುದನ್ನು ಅವರು ಕಂಡರು. ಉಪಖಂಡದ ಒಲೆ, ಕುಲುಮೆ, ಹೊಗೆಕೊಳವೆಗಳಿಂದ ಎದ್ದದ್ದು ಚಳಿಗಾಲದ ಗಾಳಿಯೊಂದಿಗೆ ಕಡಲಿಗಿಳಿದಿತ್ತು.

2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇದನ್ನು ‘ಏಷ್ಯಾದ ಕಂದು ಮೋಡ’ ಎಂದು ಕರೆದು ವರದಿ ಪ್ರಕಟಿಸಿದಾಗ ಭಾರತದಲ್ಲಿ ದೊಡ್ಡ ವಿವಾದವೆದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯವರೇ ಆದ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ವರದಿಯ ಪ್ರಚಾರದಲ್ಲಿ ಪುರಾವೆಗಿಂತ ಊಹೆ ಮುಂದೆ ಓಡಿದೆಯೆಂದು ಆಕ್ಷೇಪಿಸಿದರು. ಮಬ್ಬು ಏಷ್ಯಾದ ಸ್ವತ್ತೇನೂ ಅಲ್ಲ, ಅದಕ್ಕೇಕೆ ಖಂಡದ ಹೆಸರು ಎಂಬ ಪ್ರಶ್ನೆಯೂ ಬಂತು. ಕಡೆಗೆ ‘ಏಷ್ಯಾ’ ಬಿದ್ದುಹೋಗಿ ‘ವಾಯುಮಂಡಲದ ಕಂದು ಮೋಡ’ ಎಂದಾಯಿತು. ವಿಜ್ಞಾನಿಗಳ ಚರ್ಚೆ ಅಗತ್ಯವಾದದ್ದೇ. ವಿಜ್ಞಾನ ಬೆಳೆಯುವುದು ಹಾಗೆಯೇ. ಆದರೆ ಹೆಸರಿನ ಜಗಳದಲ್ಲಿ ಗೆದ್ದ ನಾವು ಹೊಗೆಯ ಜಗಳವನ್ನು ಕೈಬಿಟ್ಟೆವೆಂದು ನನಗೆ ಅನ್ನಿಸುತ್ತದೆ. ಮೋಡದ ಹೆಸರು ಬದಲಾಯಿತು, ಮೋಡ ಅಲ್ಲೇ ಉಳಿಯಿತು.

ಎರಡನೆಯ ಪಾಠ ಗಂಧಕದ್ದು. ಕಲ್ಲಿದ್ದಲು ಉರಿದಾಗ ಹೊರಬೀಳುವ ಗಂಧಕದ ಡೈಆಕ್ಸೈಡ್ ಅನ್ನು ‘ಆರಾ’ ಉಪಗ್ರಹ ವರ್ಷಾನುವರ್ಷ ಅಳೆಯುತ್ತ ಬಂತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಲೆಕ್ಕವನ್ನು ನಮ್ಮ ಮುಂದಿಟ್ಟಿತು: 2007ರಿಂದೀಚೆಗೆ ಚೀನಾದ ಗಂಧಕದ ಹೊಗೆ ಶೇ 75ರಷ್ಟು ಇಳಿದಿತ್ತು, ಭಾರತದ್ದು ಶೇ 50ರಷ್ಟು ಏರಿತ್ತು. ಈ ಅನಿಲದ ವಿಷಯದಲ್ಲಿ ನಾವು ಚೀನಾವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಮೊದಲಿಗರಾಗುತ್ತಿದ್ದೇವೆ ಎಂದು ಅದು ಎಚ್ಚರಿಸಿತು. ಚೀನಾ ಕಲ್ಲಿದ್ದಲು ಉರಿಸುವುದನ್ನು ಬಿಟ್ಟಿರಲಿಲ್ಲ. ಹೊಗೆಕೊಳವೆಗೆ ಗಂಧಕ ತೊಳೆಯುವ ಯಂತ್ರಗಳನ್ನು ಕೂರಿಸಿತ್ತು, ಅಷ್ಟೆ.

ನಮ್ಮಲ್ಲೂ ನಿಯಮ ಬಂದಿತ್ತು. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಮಿತಿ ವಿಧಿಸಿ 2017ರ ಗಡುವು ಕೊಟ್ಟಿತು. ಗಡುವು 2022ಕ್ಕೆ ಹೋಯಿತು. ಅಲ್ಲಿಂದಲೂ ಮುಂದೆ ಮುಂದೆ ಸರಿಯಿತು. ಕೊನೆಗೆ 2025ರ ಜುಲೈನಲ್ಲಿ ಹೊರಟ ಅಧಿಸೂಚನೆ, ದೇಶದ ಸುಮಾರು ಮುಕ್ಕಾಲು ಪಾಲಿಗೂ ಹೆಚ್ಚಿನ ಘಟಕಗಳನ್ನು ಈ ಯಂತ್ರದ ಹೊಣೆಯಿಂದಲೇ ಬಿಡುಗಡೆ ಮಾಡಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಊರುಗಳ ಗಾಳಿಯಲ್ಲಿ ಈ ಅನಿಲ ಮಿತಿಯೊಳಗೇ ಇದೆ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಸಾಗುತ್ತ ಅದು ಸಲ್ಫೇಟ್ ಕಣವಾಗಿ, ನೂರಾರು ಕಿಲೊಮೀಟರ್ ಆಚೆ ಯಾರದೋ ಎದೆಗೂಡನ್ನು ಹೊಗುತ್ತದೆ. ಕೊಳವೆಯ ಬಾಯಲ್ಲಿ ಗಂಧಕವೆಂದು ಬಿಟ್ಟದ್ದನ್ನು ಊರ ನಡುವೆ ಗಂಧಕವೆಂದೇ ಹುಡುಕಿದರೆ ಸಿಗುವುದೆಂತು? ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕಲ್ಲಿದ್ದಲ ಸ್ಥಾವರಗಳನ್ನು ಇಟ್ಟುಕೊಂಡಿರುವ ಕನ್ನಡಿಗರಿಗೂ ಇದು ದೂರದ ಮಾತಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಉಪಗ್ರಹಗಳು ಕಂಡದ್ದು ಇನ್ನೊಂದು ಬಗೆಯ ಸಾಕ್ಷ್ಯ. ಕೆಲವೇ ದಿನಗಳಲ್ಲಿ ಉತ್ತರ ಭಾರತದ ಮೇಲಿನ ಕಣಗಳ ಮಬ್ಬು, ವರ್ಷದ ಆ ಅವಧಿಯ ಮಟ್ಟಿಗೆ, ಇಪ್ಪತ್ತು ವರ್ಷಗಳಲ್ಲೇ ಕನಿಷ್ಠಕ್ಕೆ ಇಳಿಯಿತೆಂದು ನಾಸಾ ತಿಳಿಸಿತು. ಜಲಂಧರದ ಜನ ಮನೆಯ ಮಾಳಿಗೆ ಹತ್ತಿ ಧೌಲಾಧಾರ್ ಪರ್ವತಶ್ರೇಣಿಯನ್ನು ಕಂಡು ಬೆರಗಾದರು. ಆ ನೀಲಿ ಆಕಾಶಕ್ಕೆ ತೆತ್ತ ಬೆಲೆಯನ್ನು ಮರೆಯಕೂಡದು. ಅದೇ ದಿನಗಳಲ್ಲಿ ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ಊರಿನತ್ತ ನಡೆಯುತ್ತಿದ್ದರು. ಬಡವನ ಅನ್ನ ನಿಲ್ಲಿಸಿ ಗಾಳಿ ತಿಳಿಯಾಗಿಸುವುದು ಪರಿಹಾರವಲ್ಲ. ಆದರೆ ಒಂದು ಮಾತು ರುಜುವಾತಾಯಿತು: ಮಬ್ಬು ವಿಧಿಲಿಖಿತವಲ್ಲ. ಅದರ ಬಹುಪಾಲು ನಾವೇ ದಿನವೂ ಹೊಸದಾಗಿ ತಯಾರಿಸುವಂಥದು. ತಯಾರಿ ನಿಂತರೆ ಅದೂ ಕರಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಾಕ್ಷಿ ಕಂಡ ಸಂಗತಿ. ಇನ್ನು ಅದು ಕಾಣದ್ದರ ಕಡೆ ಬರೋಣ.

ಪ್ರತಿವರ್ಷ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಪಂಜಾಬು ಹರಿಯಾಣಗಳ ರೈತರು ಭತ್ತದ ಕೂಳೆಗೆ ಬೆಂಕಿಯಿಡುತ್ತಾರೆ. ಬೆಂಕಿಯ ಶಾಖವನ್ನು ಗುರುತಿಸುವ ಉಪಗ್ರಹಗಳು ಹಗಲಿನಲ್ಲಿ ಅಲ್ಲಿ ಹಾದುಹೋಗುವುದು ಮುಖ್ಯವಾಗಿ ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ. ಅವು ಎಣಿಸಿಕೊಟ್ಟ ಬೆಂಕಿಗಳೇ ಸರ್ಕಾರದ ಅಧಿಕೃತ ಲೆಕ್ಕ. ಆ ಲೆಕ್ಕದಂತೆ ಪಂಜಾಬಿನಲ್ಲಿ 2021ರಲ್ಲಿ 71,304 ಬೆಂಕಿಗಳು, 2023ರಲ್ಲಿ 36,663, 2024ರಲ್ಲಿ 10,909. ಮೂರು ವರ್ಷಗಳಲ್ಲಿ ಆರನೆಯ ಒಂದು ಪಾಲಿಗಿಂತ ಕಡಿಮೆ! ಇಷ್ಟೊಂದು ಬೆಂಕಿ ಆರಿದ್ದರೆ ಬಯಲಿನ ಆಕಾಶ ತೊಳೆದಿಟ್ಟಂತೆ ಆಗಬೇಕಿತ್ತು. ಆಗಲಿಲ್ಲ.

ನಾಸಾದೊಂದಿಗೆ ಕೆಲಸ ಮಾಡುವ ವಿಜ್ಞಾನಿ ಹಿರೇನ್ ಜೇಠ್ವಾ 2024ರಲ್ಲಿ ಇದರ ಬೆನ್ನುಹತ್ತಿದರು. ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹವೊಂದು ಒಂದೇ ಕಡೆ ನಿಂತು, ಹತ್ತು ನಿಮಿಷಕ್ಕೊಮ್ಮೆ ಇಡೀ ಏಷ್ಯಾವನ್ನು ನೋಡುತ್ತಿರುತ್ತದೆ. ಅದರ ಚಿತ್ರಗಳಲ್ಲಿ ಬೇರೆಯದೇ ಕತೆಯಿತ್ತು. ಒಂದೂವರೆಯ ಉಪಗ್ರಹ ದಾಟಿಹೋದ ಮೇಲೆ, ಸಂಜೆಯ ಇಳಿಹೊತ್ತಿನಲ್ಲಿ, ಹೊಲಗಳಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ನಮ್ಮ ಇಸ್ರೊದ ವಿಜ್ಞಾನಿಗಳ ಅಧ್ಯಯನವೂ ಬೆಂಕಿಯ ಉಚ್ಛ್ರಾಯ ಸಮಯ ಕೆಲವೇ ವರ್ಷಗಳಲ್ಲಿ ಮಧ್ಯಾಹ್ನದಿಂದ ಸಂಜೆ ಐದರ ಸುಮಾರಿಗೆ ಸರಿದಿರುವುದನ್ನು ಗುರುತಿಸಿತು. ಸುಟ್ಟು ಕಪ್ಪಾದ ನೆಲದ ವಿಸ್ತೀರ್ಣವೂ ಕಡಿಮೆಯಾಗಿದೆ, ನಿಜ. ಆದರೆ ಬೆಂಕಿಯ ಎಣಿಕೆ ಸಾರಿದಷ್ಟು ಖಂಡಿತ ಅಲ್ಲ. ಕಾವಲುಗಾರ ಊರೊಳಗೆ ಸುತ್ತು ಹಾಕುವ ಹೊತ್ತು ಬದಲಾಗಿರಲಿಲ್ಲ. ಕಾಯಬೇಕಾದ ಹೊತ್ತು ಬದಲಾಗಿತ್ತು.

ರೈತನನ್ನು ಕಟಕಟೆಯಲ್ಲಿ ನಿಲ್ಲಿಸಲು ಈ ಮಾತು ಹೇಳುತ್ತಿಲ್ಲ. ಅಂತರ್ಜಲ ಉಳಿಸಲೆಂದು 2009ರಲ್ಲಿ ಪಂಜಾಬು ತಂದ ಕಾಯ್ದೆ ಭತ್ತದ ನಾಟಿಯನ್ನು ಜೂನ್ ತಿಂಗಳಿಗೆ ತಳ್ಳಿತು. ಕೊಯ್ಲು ತಡವಾಯಿತು; ಗೋಧಿ ಬಿತ್ತನೆಗೆ ಉಳಿದದ್ದು ಎರಡು ಮೂರು ವಾರ. ಯಂತ್ರದಿಂದ ಕೊಯ್ದ ಹೊಲದಲ್ಲಿ ನಿಂತ ಕೂಳೆಯನ್ನು ಅಷ್ಟರಲ್ಲಿ ತೆಗೆಯಲು ಬೆಂಕಿಯಷ್ಟು ಅಗ್ಗದ ಆಳು ಇನ್ನೊಂದಿಲ್ಲ. ಆತ ಭತ್ತ ಬೆಳೆಯುವುದೂ ಕೇಂದ್ರ ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಳ್ಳುವುದರಿಂದ. ಆ ಅಕ್ಕಿ ಹೋಗುವುದು ದೇಶದ ಪಡಿತರ ಅಂಗಡಿಗಳಿಗೆ. ಅನ್ನ ನಮಗೆ, ಹೊಗೆ ಅವರಿಗೆ ಎಂಬ ಈ ವ್ಯವಸ್ಥೆಯಲ್ಲಿ 2024ರ ನವೆಂಬರಿನಲ್ಲಿ ದಂಡದ ಮೊತ್ತವನ್ನು ದ್ವಿಗುಣಗೊಳಿಸಿ 30,000 ರೂಪಾಯಿಯವರೆಗೆ ಏರಿಸಲಾಯಿತು. ಉಪಗ್ರಹ ಗುರುತಿಸಿದ ಹೊಲಕ್ಕೆ ಅಧಿಕಾರಿ ಬರುತ್ತಾನೆ, ಭೂದಾಖಲೆಯಲ್ಲಿ ಕೆಂಪು ಷರಾ ಬೀಳುತ್ತದೆ. ಎಣಿಕೆಯೇ ಗುರಿಯಾದಾಗ ಇಳಿಯುವುದು ಎಣಿಕೆ ಮಾತ್ರ. ಗಾಳಿ ಶುದ್ಧವಾಗಲು ಬೇಕಾದ ಯಂತ್ರ, ಹಣ, ಬೆಳೆ ಬದಲಾವಣೆಯ ಭರವಸೆ ಅಷ್ಟು ಸುಲಭವಾಗಿ ಹೊಲ ತಲುಪುವುದಿಲ್ಲ.

ಬಾನಗಣ್ಣಿನ ಮಿತಿ ಇಷ್ಟಕ್ಕೇ ಮುಗಿಯುವುದಿಲ್ಲ. ಅದು ಅಳೆಯುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಕಂಬವನ್ನು. ನಾವು ಉಸಿರಾಡುವುದು ಅದರ ತಳದ ಆರಡಿಯನ್ನು. ಚಳಿಗಾಲದ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲೇಳದೆ ಕುಳಿತುಬಿಡುತ್ತದೆ. ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಹೊಗೆಯೆಲ್ಲ ಆ ಮುಚ್ಚಳದಡಿ ತುಂಬಿಕೊಂಡು, ನಡುರಾತ್ರಿಯಿಂದ ಮುಂಜಾನೆಯವರೆಗೆ ಗಾಳಿ ಅತ್ಯಂತ ಕೆಟ್ಟಿರುತ್ತದೆ. ಬಿಸಿಲೇರಿ ಮುಚ್ಚಳ ಸಡಿಲಗೊಂಡು ಹೊಗೆ ಚದುರಿದ ಮೇಲೆ ಉಪಗ್ರಹ ಬರುತ್ತದೆ. ಸೂರ್ಯನ ಬೆಳಕನ್ನೇ ನೆಚ್ಚಿದ ಉಪಕರಣಕ್ಕೆ ರಾತ್ರಿ ಎಂಬುದೇ ಇಲ್ಲ. ಮುಂಗಾರಿನ ಮೋಡ ಕವಿದಾಗಲೂ ಅದು ಕುರುಡು.

ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಮನೆಯ ಮಾಡು ಅಡ್ಡ. ಸೌದೆ, ಬೆರಣಿ ಉರಿಸುವ ಒಲೆಯ ಮುಂದೆ ಕುಳಿತ ತಾಯಿಯ, ಅವಳ ಮಡಿಲಿನ ಕೂಸಿನ ಉಸಿರಿಗೆ ಹೋಗುವ ಹೊಗೆಯನ್ನು ಯಾವ ಉಪಗ್ರಹವೂ ಕಾಣಲಾರದು. ಆ ಹೊಗೆ ಸೂರಿನ ಸಂದಿಯಿಂದ ನುಸುಳಿ ಊರ ಗಾಳಿಗೆ ಸೇರಿದ ಮೇಲಷ್ಟೇ ಬಯಲಿನ ಬೂದು ಪಟ್ಟಿಯ ಒಂದು ಎಳೆಯಾಗುತ್ತದೆ. 2016ರಲ್ಲಿ ಮೊದಲಾದ ಉಜ್ವಲಾ ಯೋಜನೆ ಕೋಟ್ಯಂತರ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೆ ಎರಡನೆಯ, ಮೂರನೆಯ ಸಿಲಿಂಡರ್ ತುಂಬಿಸುವ ಶಕ್ತಿಯಿಲ್ಲದ ಮನೆಯಲ್ಲಿ ಹಳೆಯ ಒಲೆ ಇನ್ನೂ ಆರಿಲ್ಲ.

2024ರಲ್ಲಿ ಪ್ರಕಟವಾದ ಜಾಗತಿಕ ವಾಯು ವರದಿಯ ಪ್ರಕಾರ, 2021ರಲ್ಲಿ ವಾಯುಮಾಲಿನ್ಯದಿಂದ ಜಗತ್ತಿನಲ್ಲಿ ಸಂಭವಿಸಿದ ಸಾವುಗಳು ಅಂದಾಜು 81 ಲಕ್ಷ. ಅದರಲ್ಲಿ ಭಾರತದ ಪಾಲು 21 ಲಕ್ಷ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ರಾಷ್ಟ್ರೀಯ ಮಾನದಂಡ 40. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ಆದರೆ ಆ ಕಾರ್ಯಕ್ರಮದ ಯಶಸ್ಸನ್ನು ಅಳೆಯುವುದು ಮುಖ್ಯವಾಗಿ ಪಿಎಂ 10 ಎಂಬ ದಪ್ಪ ದೂಳಿನಿಂದ. ರಸ್ತೆ ಗುಡಿಸಿ ನೀರು ಚಿಮುಕಿಸಿದರೆ ಆ ಅಂಕಿ ಇಳಿಯುತ್ತದೆ. ರಕ್ತಕ್ಕೇ ಇಳಿಯಬಲ್ಲ ಸಣ್ಣ ಕಣ ಹಾಗೆಯೇ ಉಳಿಯುತ್ತದೆ. ಗಾಳಿಯನ್ನು ಹಗಲಿರುಳು ಅಳೆಯುವ ಕೇಂದ್ರಗಳು ಬಹುಪಾಲು ನಗರಗಳಲ್ಲಿವೆ. ಹಳ್ಳಿಯ ಗಾಳಿಯ ಬಗ್ಗೆ ನಮಗೆ ತಿಳಿದಿರುವ ಹೆಚ್ಚಿನ ಸಂಗತಿಯನ್ನು ಹೇಳಿದ್ದು ಉಪಗ್ರಹವೇ. ಅದನ್ನು ನೆಲದ ಮೇಲೆ ಪರೀಕ್ಷಿಸುವ ವ್ಯವಸ್ಥೆ ಮಾತ್ರ ಇಲ್ಲವೆನ್ನುವಷ್ಟು ವಿರಳ.

ಹಾಗಾದರೆ ಉಪಗ್ರಹವನ್ನು ನಂಬಬಾರದೇ? ಖಂಡಿತ ನಂಬಬೇಕು, ಆದರೆ ಒಬ್ಬ ಸಾಕ್ಷಿಯನ್ನು ನಂಬಬೇಕಾದ ರೀತಿಯಲ್ಲಿ. ಒಂದು ಸಾಕ್ಷಿಯ ಮಾತನ್ನು ಇನ್ನೊಂದರೊಡನೆ ತಾಳೆ ನೋಡುವುದು ನ್ಯಾಯದ ಮೊದಲ ಪಾಠ. ದಿನವಿಡೀ ನೋಡುವ ಭೂಸ್ಥಿರ ಕಣ್ಣುಗಳು ಈಗ ಒಂದೊಂದಾಗಿ ತೆರೆಯುತ್ತಿವೆ. 2020ರಲ್ಲಿ ದಕ್ಷಿಣ ಕೊರಿಯಾ ಏಷ್ಯಾದ ಮೇಲೆ, 2023ರಲ್ಲಿ ಅಮೆರಿಕ ತನ್ನ ಖಂಡದ ಮೇಲೆ, 2025ರಲ್ಲಿ ಯುರೋಪು ತನ್ನ ನೆತ್ತಿಯ ಮೇಲೆ, ಗಾಳಿಯ ಅನಿಲಗಳನ್ನು ತಾಸುತಾಸಿಗೂ ಅಳೆಯುವ ಉಪಕರಣಗಳನ್ನು ನಿಲ್ಲಿಸಿವೆ. ಚಂದ್ರನ ಮೇಲೆ ನೌಕೆಯನ್ನು ಮೆತ್ತಗೆ ಇಳಿಸಿದ ನಮ್ಮ ದೇಶಕ್ಕೆ, ಸ್ವಂತ ಬಯಲಿನ ಮೇಲೆ ಅಂಥದೊಂದು ಕಣ್ಣು ಇಡುವುದು ಸಾಮರ್ಥ್ಯದ ಪ್ರಶ್ನೆಯಲ್ಲ, ಆದ್ಯತೆಯ ಪ್ರಶ್ನೆ. ಅದರ ಜೊತೆಗೆ ತಾಲ್ಲೂಕಿಗೊಂದಾದರೂ ಅಳೆಯುವ ಕೇಂದ್ರ ಬರಲಿ. ಅಲ್ಲಿನ ಅಂಕಿ ಶಾಲೆಯ, ಆಸ್ಪತ್ರೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣಲಿ. ಕೂಳೆಯ ಲೆಕ್ಕವನ್ನು ಬೆಂಕಿಯ ಸಂಖ್ಯೆಯಿಂದಲ್ಲ, ಸುಟ್ಟ ನೆಲದಿಂದ ಹಾಕಲಿ. ದೆಹಲಿಯ ಸುತ್ತಲಿನ ಪ್ರದೇಶಕ್ಕೆ 2021ರ ಕಾಯ್ದೆ ಕೊಟ್ಟಂಥ ಆಯೋಗವನ್ನು, ರಾಜ್ಯಗಳ ಗಡಿ ಎಣಿಸದೆ, ಗಾಳಿ ಹರಿಯುವ ಇಡೀ ಬಯಲಿಗೆ ವಿಸ್ತರಿಸಲಿ. ಹೊಗೆಕೊಳವೆಗಳಿಗೆ ಕೊಟ್ಟ ವಿನಾಯಿತಿಯನ್ನು ಸರ್ಕಾರ ಮತ್ತೆ ಪರಿಶೀಲಿಸಲಿ.

ಇಷ್ಟಾಗಿಯೂ, ಅಳತೆಯೊಂದೇ ಯಾರನ್ನೂ ಬದುಕಿಸದು. ಕಾಯಿಲೆಯವನ ಮೈ ಎಷ್ಟು ಕಾದಿದೆ ಎಂದು ಗಂಟೆಗಂಟೆಗೂ ಬರೆದಿಟ್ಟು ಮದ್ದು ಕೊಡದ ವೈದ್ಯನನ್ನು ನಾವು ಏನೆನ್ನುತ್ತೇವೆ? ಮೂರು ದಶಕಗಳಿಂದ ಆಕಾಶ ತನಗೆ ಕಂಡಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಲೇ ಬಂದಿದೆ. ಅದಕ್ಕೆ ಕಾಣದ್ದನ್ನು ಹೇಳಬೇಕಾದವರು ನೆಲದ ಮೇಲಿರುವವರು: ಕೆಮ್ಮುವ ಮಗುವಿನ ತಂದೆತಾಯಿ, ಸಂಜೆ ಹೊಲದಂಚಿನಲ್ಲಿ ನಿಂತ ರೈತ, ಒಲೆಯ ಮುಂದಿನ ಹೆಣ್ಣುಮಗಳು. ನಕ್ಷೆಯ ಮೇಲಿನ ಬಣ್ಣ ತಿಳಿಯಾದ ದಿನವಲ್ಲ, ಇವರ ಉಸಿರು ಹಗುರಾದ ದಿನ ಗಾಳಿ ಶುದ್ಧವಾಯಿತೆಂದು ನಂಬೋಣ.